ಪೆಲ್ಲೋ ಹೊತ್ತು ತಂದ ಬಾಗಿಲು

ಕೂತವರು ಹಾಗೇ ಕೂತಿರಿ, ನಿಂತವರಿಗೆ ಒಂದಿಷ್ಟು ಜಾಗ ಬಿಡಿ. ಈ ಕಥೆಯ ಪೆದ್ದ ನಮ್ಮ ಕಡೆಯವನಲ್ಲ. ಅಮೆರಿಕ ದೇಶದ ಪಡುವಣಕ್ಕೆ ನೆವಾಡ ಅಂತ ಒಂದು ಸೀಮೆ ಇದೆ, ಅಲ್ಲಿಯವನು. ಎಂಥ ಸೀಮೆ ಅಂದರೆ, ಅಲ್ಲಿ ಹರಿಯೋ ನದಿಗೆ ಸಮುದ್ರ ಸಿಕ್ಕೋದಿಲ್ಲ. ಬೆಟ್ಟದಲ್ಲಿ ಹುಟ್ಟಿ, ನೂರಾರು ಮೈಲಿ ಹರಿದು, ಕೊನೆಗೆ ಉಪ್ಪು ನೆಲದಲ್ಲಿ ಇಂಗಿಹೋಗುತ್ತೆ. ಊರುಗಳೂ ಹಾಗೇ. ಬೆಟ್ಟದಲ್ಲಿ ಬೆಳ್ಳಿ ಸಿಕ್ಕಿತು ಅಂದರೆ ಆರು ತಿಂಗಳಲ್ಲಿ ಊರು ಏಳುತ್ತೆ. ಬೆಳ್ಳಿ ಮುಗಿಯಿತು ಅಂದರೆ ಆರು ವಾರದಲ್ಲಿ ಬರಿದಾಗುತ್ತೆ.

ಅಂಥದೊಂದು ಬೆಳ್ಳಿ ಊರು ಸೇಜ್‌ವೆಲ್. ನೂರು ವರ್ಷದ ಮೇಲಿನ ಮಾತು. ಅಲ್ಲಿ ಕತಾಲಿನ್ ಅಂತ ಒಬ್ಬಳು, ಅವಳಿಗೆ ಒಬ್ಬನೇ ಮಗ ಪೆಲ್ಲೋ. ಸ್ಪೇನಿಗೂ ಫ್ರಾನ್ಸಿಗೂ ನಡುವಿನ ಬೆಟ್ಟಗಾಡಿನಿಂದ ಹಡಗು ಹತ್ತಿ ಬಂದ ಬಾಸ್ಕ್ ಜನ ಅವರು. ಪೆಲ್ಲೋಗೆ ಇಪ್ಪತ್ತೆರಡು ವರ್ಷ. ಕಂಬದಂಥ ಆಳು, ಇಬ್ಬರ ಕೆಲಸ ಒಬ್ಬನೇ ಮಾಡೋ ರಟ್ಟೆ. ಹೇಳಿದ್ದನ್ನು ಹೇಳಿದ ಹಾಗೇ ಮಾಡೋನು. ತೊಂದರೆ ಇದ್ದದ್ದೇ ಅಲ್ಲಿ.

ಕತಾಲಿನಳ ಗಂಡ ಎಸ್ತೆಬೆ ಮೊದಲು ಗಣಿಯಲ್ಲಿದ್ದ. ಬೆಳ್ಳಿ ತೆಳುವಾದ ಮೇಲೆ ಕುರಿ ಕಾದ. ಆಮೇಲೆ ತೆಂಕಣದಲ್ಲಿ ಎಲ್ಲೋ ಚಿನ್ನ ಸಿಕ್ಕಿತಂತೆ ಅಂತ ಸುದ್ದಿ ಬಂತು. "ಹಿಮ ಬೀಳೋದರೊಳಗೆ ಬಂದುಬಿಡ್ತೀನಿ ಕಣೇ" ಅಂದು ಹೊರಟ. ಮೂರು ಸಲ ಹಿಮ ಬಿತ್ತು, ಮೂರು ಸಲ ಕರಗಿತು. ಎಸ್ತೆಬೆ ಬರಲಿಲ್ಲ. ಕತಾಲಿನ್ ದಿನಾ ಸಂಜೆ ಹೊರಗೆ ಬಂದು ತೆಂಕಣ ದಾರಿ ನೋಡೋಳು. ಅಲ್ಲಿ ದೂಳು ಎದ್ದರೆ ಅವಳ ಎದೆಯೂ ಏಳೋದು, ದೂಳು ಕೂತರೆ ಎದೆಯೂ ಕೂರೋದು. ಆಮೇಲೆ ಒಳಗೆ ಹೋಗಿ, ಅವನು ಬಿಟ್ಟು ಹೋದ ಹಳೇ ಬೂಟಿಗೆ ಕೊಬ್ಬು ಸವರೋಳು. ಆ ಒಣ ಗಾಳಿಗೆ ಚರ್ಮ ಬಿರಿದುಬಿಡುತ್ತೆ, ಅವನು ಬಂದಾಗ ಮೆಟ್ಟಿಕೊಳ್ಳೋಕೆ ಬೇಕಲ್ಲ.

ಮನೆ ನಡೀಬೇಕು. ಮಗನನ್ನು ಅದಿರು ಕುಟ್ಟೋ ಗಿರಣಿಗೆ ಸೇರಿಸಿದಳು. ಅಲ್ಲಿ ಟ್ರಿಗೇರ್ ಅಂತ ಮೇಸ್ತ್ರಿ, ಒಳ್ಳೆ ಮನುಷ್ಯ. "ನೋಡಪ್ಪ ಪೆಲ್ಲೋ, ಕಪ್ಪು ಕಲ್ಲಲ್ಲಿ ಬೆಳ್ಳಿ ಇರುತ್ತೆ, ಇಟ್ಕೋ. ಬಿಳೀದೆಲ್ಲ ದಂಡ, ಆಚೆ ಎಸಿ" ಅಂದ.

ಪೆಲ್ಲೋ ಎಸೆದ. ಬಿಳೀ ಕಲ್ಲು ಎಸೆದ. ಬಿಳೀ ಕಲ್ಲು ಮುಗಿದ ಮೇಲೆ ಮೇಸ್ತ್ರಿಯ ಬಿಳೀ ಊಟದ ಡಬ್ಬಿ ಎಸೆದ. ಗೂಟಕ್ಕೆ ತಗುಲಿಹಾಕಿದ್ದ ಬಿಳೀ ಅಂಗಿ ಎಸೆದ. ಬೆಳ್ಳಿ ಬಿಡಿಸೋಕೆ ಉಪ್ಪು ಬೇಕು, ಎಂಟು ದಿನದ ದಾರಿಯಿಂದ ಹೇಸರಗತ್ತೆಗಳ ಮೇಲೆ ಬಂದ ಉಪ್ಪು ಮೂವತ್ತು ಮೂಟೆ ಅಲ್ಲೇ ಇತ್ತು. ಬಿಚ್ಚಿ ನೋಡಿದ. ಬೆಳ್ಳಗಿತ್ತು. ಮೂವತ್ತನ್ನೂ ಕಮರಿಗೆ ಸುರಿದ.

ಸಂಜೆಯೊಳಗೆ ಮನೆಗೆ ಕಳಿಸಿದರು.

"ಅಲ್ಲ ಕಣೋ, ಎಸೆಯೋ ಮುಂಚೆ ಒಂಚೂರು ನಾಲಿಗೆಗೆ ಹಚ್ಚಿ ನೋಡಬಾರದಾಗಿತ್ತಾ? ಉಪ್ಪೋ ಕಲ್ಲೋ ಗೊತ್ತಾಗ್ತಿತ್ತು" ಅಂದಳು ಕತಾಲಿನ್.

"ಹೂಂ ಕಣವ್ವ, ಇನ್ನು ಮೇಲೆ ಹಾಗೇ ಮಾಡ್ತೀನಿ" ಅಂದ ಪೆಲ್ಲೋ.

ಗಿರಣಿ ತಪ್ಪಿತು, ಕುರಿ ಹಟ್ಟಿಗೆ ಕಳಿಸಿದಳು. ಅವನಪ್ಪ ಎಸ್ತೆಬೆ ಕುರಿ ಕಾದ ಬೆಟ್ಟವೇ ಅದು. ಅಲ್ಲಿ ಉಣ್ಣೆ ಕತ್ತರಿಸಿ ಆಗಿತ್ತು, ಕುರಿಗಳನ್ನು ಕಜ್ಜಿ ಮದ್ದಿನ ತೊಟ್ಟಿಯಲ್ಲಿ ಅದ್ದಿ ತೆಗೀತಿದ್ದರು. ಗಂಧಕ, ಸುಣ್ಣ, ಹೊಗೆಸೊಪ್ಪು ಎಲ್ಲ ಹಾಕಿ ಕುದಿಸಿದ ನೀರು. "ಈ ಮದ್ದಿನ ಡಬ್ಬ ತೊಟ್ಟಿಗೆ ಸುರಿ" ಅಂದರು. ಪೆಲ್ಲೋಗೆ ಅವ್ವನ ಮಾತು ನೆನಪಾಯಿತು. ಸುರಿಯೋ ಮುಂಚೆ ರುಚಿ ನೋಡಿದ. ಒಂದು ಗುಟುಕಿಗೆ ಗೊತ್ತಾಗಲಿಲ್ಲ, ಇನ್ನೊಂದು ಕುಡಿದ.

ಮೂರು ದಿನ ವಾಂತಿ. ಕುರಿಗಳ ಜೊತೆ ಗಾಡಿಯಲ್ಲಿ ಮಲಗಿಸಿ ಮನೆಗೆ ತಂದು ಹಾಕಿದರು.

ಕತಾಲಿನ್ ಅವನ ತಲೆಯನ್ನು ತೊಡೆಮೇಲೆ ಇಟ್ಟುಕೊಂಡು ಗಂಜಿ ಕುಡಿಸಿದಳು. "ನೀನೂ ಹೋಗಿಬಿಟ್ಟರೆ ನಾನು ಯಾರ ಮುಖ ನೋಡಿಕೊಂಡು ಇರಲಿ? ಗೊತ್ತಿಲ್ಲದ ವಸ್ತು ಕಂಡರೆ ದೂರ ನಿಂತುಕೋ. ಹತ್ತಿರ ಹೋಗಬೇಡ, ಮುಟ್ಟಬೇಡ."

"ಹೂಂ ಕಣವ್ವ, ಇನ್ನು ಮೇಲೆ ಹಾಗೇ ಮಾಡ್ತೀನಿ."

ಸೇಜ್‌ವೆಲ್ಲಿಗೆ ವಾರಕ್ಕೊಂದು ಸಲ ಟಪಾಲು ಗಾಡಿ ಬರೋದು. ನಾಲ್ಕು ಕುದುರೆಯ ಗಾಡಿ. ಮೂರು ವರ್ಷದಿಂದ ಒಂದು ವಾರವೂ ತಪ್ಪದೆ ಕತಾಲಿನ್ ತಾನೇ ಹೋಗಿ ಕೇಳೋಳು, ಬರಿಗೈಲಿ ಬರೋಳು. ಆ ವಾರ ಜ್ವರ, ಏಳೋಕಾಗಲಿಲ್ಲ. ಮಗನನ್ನು ಕಳಿಸಿದಳು. "ಟಪಾಲಿನವನು ನಮ್ಮ ಹೆಸರು ಕೂಗಿದರೆ ಈಸ್ಕೊಂಡು ಬಾ. ಇನ್ನೇನೂ ಬೇಡ" ಅಂದಳು.

ಪೆಲ್ಲೋ ಹೋದ. ಮಧ್ಯಾಹ್ನ ನಗುನಗುತ್ತಾ ಬಂದ.

"ಅವ್ವ, ಇವತ್ತು ಕುದುರೆ ಇರಲಿಲ್ಲ. ಗಾಡಿ ತಾನೇ ಓಡಿಕೊಂಡು ಬಂತು. ಹೊಟ್ಟೆಯೊಳಗೆ ಗುಡುಗುಡು ಅಂತಿತ್ತು. ಗೊತ್ತಿಲ್ಲದ ವಸ್ತು ಅಲ್ಲವಾ? ನಾನು ದಿಬ್ಬದ ಮೇಲೆ ದೂರ ನಿಂತುಕೊಂಡೆ. ಮುಟ್ಟಲಿಲ್ಲ."

"ಅದು ಮೋಟಾರು ಕಣೋ. ಹೆಸರು ಕೂಗಿದನಾ?"

"ಕೂಗಿದ. ಕತಾಲಿನ್, ಕತಾಲಿನ್ ಅಂತ ಎರಡು ಸಲ."

ಕತಾಲಿನ್ ಹಾಸಿಗೆಯಲ್ಲಿ ಎದ್ದು ಕೂತಳು. "ಕೈಯಲ್ಲಿ ಏನಿತ್ತು?"

"ಬಿಳೀದು, ಚೌಕ. ಕೈ ಎತ್ತಿ ಅಲ್ಲಾಡಿಸಿದ. ನಾನೂ ಕೈ ಅಲ್ಲಾಡಿಸಿದೆ. ಆಮೇಲೆ ಚೀಲಕ್ಕೆ ಹಾಕಿಕೊಂಡು ಹೋದ."

ಆವತ್ತು ಕತಾಲಿನ್ ಬಯ್ಯಲಿಲ್ಲ. ಗೋಡೆ ಕಡೆ ತಿರುಗಿ ಮಲಗಿದಳು. ಪೆಲ್ಲೋ ಬಾಗಿಲ ಹತ್ತಿರ ನಿಂತು, ಬೈಗುಳಕ್ಕೆ ಕಾದು ಕಾದು, ಕೊನೆಗೆ ತಾನೇ ಅತ್ತ.

ಮುಂದಿನ ವಾರ ಜ್ವರ ಬಿಡುವ ಮುಂಚೆಯೇ ಎದ್ದು ಹೋಗಿ ಮೋಟಾರಿನವನನ್ನು ಕೇಳಿದಳು. "ಯಾರೂ ಬರಲಿಲ್ಲ ಅಂತ ವಾಪಸು ಹಾಕಿದೆನಮ್ಮ. ತೆಂಕಣದ ಮುದ್ರೆ ಇತ್ತು. ಯಾವ ಊರು ಅಂತ ಓದಲಿಲ್ಲ" ಅಂದ.

ಇದ್ದಾನೆ. ಎಲ್ಲೋ ತೆಂಕಣದಲ್ಲಿ ಎಸ್ತೆಬೆ ಇದ್ದಾನೆ. ಅಷ್ಟು ಗೊತ್ತಾಯಿತು, ಅದಕ್ಕಿಂತ ಹೆಚ್ಚು ಗೊತ್ತಾಗಲಿಲ್ಲ. ಮೊದಲು ಸಂಜೆ ಮಾತ್ರ ದಾರಿ ನೋಡುತ್ತಿದ್ದವಳು ಈಗ ಹೊತ್ತು ಹುಟ್ಟಿದಾಗಿನಿಂದ ನೋಡತೊಡಗಿದಳು.

ಮಗನನ್ನು ಕೂರಿಸಿಕೊಂಡು ಹೇಳಿದಳು. "ನಮ್ಮ ಹೆಸರು ಬರೆದಿದ್ದು ಏನೇ ಇರಲಿ ಪೆಲ್ಲೋ, ಅದನ್ನ ಬಿಟ್ಟು ಬರಬಾರದು. ಎತ್ತಿಕೊಂಡು ಬರಬೇಕು. ತಿಳೀತಾ?" ಇದ್ದಿಲಿನಿಂದ ನೆಲದ ಮೇಲೆ ತನ್ನ ಹೆಸರು ಬರೆದು, ಅಕ್ಷರದ ಆಕಾರ ಕಲಿಸಿದಳು.

"ಹೂಂ ಕಣವ್ವ, ಇನ್ನು ಮೇಲೆ ಹಾಗೇ ಮಾಡ್ತೀನಿ."

ಆ ಬೇಸಿಗೆ ಬೆಳ್ಳಿ ಪೂರಾ ಮುಗಿಯಿತು. ಗಿರಣಿ ನಿಂತಿತು. ಊರಿಗೆ ನೀರೆತ್ತುತ್ತಿದ್ದದ್ದು ಗಿರಣಿಯ ಪಂಪು, ಅದೂ ನಿಂತಿತು. ಜನ ಕಿಟಕಿ, ತೊಲೆ, ಹಲಗೆ ಎಲ್ಲ ಬಿಚ್ಚಿ ಗಾಡಿಗೆ ಹೇರಿ ಬೇರೆ ಊರಿಗೆ ಹೊರಟರು. ಕತಾಲಿನ್ ಮಾತ್ರ ಪೀಪಾಯಿಯ ತಳದ ನೀರು ನೆಚ್ಚಿಕೊಂಡು ಹನ್ನೊಂದು ದಿನ ಕೂತಳು.

ಹನ್ನೆರಡನೇ ದಿನ ಟ್ರಿಗೇರ್ ಮೇಸ್ತ್ರಿ ಬಂದ. "ಕತಾಲಿನಮ್ಮ, ಇದೇ ಕೊನೇ ಗಾಡಿ. ಎಲ್ಕೋಗೆ ಹೋಗ್ತಿದೀನಿ. ಅಲ್ಲಿ ನದಿ ಇದೆ, ರೈಲಿದೆ, ನಿಮ್ಮ ಬಾಸ್ಕ್ ಜನ ಇದ್ದಾರೆ. ಹತ್ತಿ."

"ಅವರು ಬಂದರೆ?"

"ಬಂದವರು ಇಲ್ಲಿ ಏನು ಕುಡೀತಾರಮ್ಮ?"

ಕತಾಲಿನ್ ಎದ್ದಳು. ಗಾಡಿಯ ಗಾಲಿಗೆ ಹಚ್ಚೋ ಕೀಲೆಣ್ಣೆ ಈಸಿಕೊಂಡು, ಬಾಗಿಲ ಮೇಲೆ ದಪ್ಪಕ್ಷರದಲ್ಲಿ ಬರೆದಳು: "ಎಸ್ತೆಬೆ, ನಾವು ಎಲ್ಕೋಗೆ ಹೋಗಿದ್ದೀವಿ. ರೈಲು ನಿಲ್ದಾಣದ ಹತ್ತಿರ ಕೇಳು. ಕತಾಲಿನ್." ಎರಡು ಸಲ ಓದಿದಳು. ಗಾಡಿಯ ಮುಂದೆ ಮೇಸ್ತ್ರಿ ಪಕ್ಕ ಕೂತು, ಹಿಂದೆ ತಿರುಗಿ ನೋಡಬಾರದು ಅಂತ ಸೆರಗಿನಂತೆ ಶಾಲು ಮುಖಕ್ಕೆ ಎಳೆದುಕೊಂಡಳು.

"ಒಂದು ನಿಮಿಷ ಅವ್ವ" ಅಂದ ಪೆಲ್ಲೋ. ಹೋದ, ಬಂದ, ಹಿಂದೆ ಹತ್ತಿ ಕೂತ.

ಮೂರು ದಿನದ ದಾರಿ. ಎಲ್ಕೋ ಊರಿನ ಹೊಳೆ ಹತ್ತಿರ ಕಂಬಳಿ ಇಳಿಸೋಕೆ ಹೋದಾಗ ಕತಾಲಿನ್ ನೋಡಿದಳು. ಕಂಬಳಿಯ ಕೆಳಗೆ ಬಾಗಿಲು.

"ನಿನ್ನ ಹೆಸರಿತ್ತು ಕಣವ್ವ" ಅಂದ ಪೆಲ್ಲೋ. "ಬಿಟ್ಟು ಬರಲಿಲ್ಲ."

ಕತಾಲಿನ್ ಮೇಸ್ತ್ರಿಯ ಮುಖ ನೋಡಿದಳು. ಅವನು ತಲೆ ಅಲ್ಲಾಡಿಸಿದ. ನೀರಿಲ್ಲದ ಆ ದಾರಿಯಲ್ಲಿ ಇನ್ನೊಂದು ಸಲ ಹೋದರೆ ಗಾಡಿಯ ಹೇಸರಗತ್ತೆಗಳು ಬದುಕೋದಿಲ್ಲ. ಅವಳು ಹೊಳೆದಂಡೆಯಲ್ಲಿ ಕೂತುಬಿಟ್ಟಳು. "ಈ ಬಾಗಿಲು ನಮ್ಮ ಹತ್ತಿರ ಇದ್ದು ಏನು ಮಾಡಲೋ? ನಿಮ್ಮಪ್ಪ ಬರೋ ದಾರೀಲಿ ಇರಬೇಕಾಗಿತ್ತು ಅದು. ಅವರು ಬಂದ ಕೂಡಲೆ ಕಣ್ಣಿಗೆ ಬೀಳಬೇಕಾಗಿತ್ತು."

"ಹೂಂ ಕಣವ್ವ, ಇನ್ನು ಮೇಲೆ ಹಾಗೇ ಮಾಡ್ತೀನಿ."

ಬಾಸ್ಕ್ ಜನರ ಊಟದ ಮನೆಯಲ್ಲಿ ಅವಳಿಗೆ ಅಡುಗೆ ಕೆಲಸ ಸಿಕ್ಕಿತು, ಹಿಂದೆ ಒಂದು ಗುಡಿಸಲು ಸಿಕ್ಕಿತು. ಅದಕ್ಕೆ ಬಾಗಿಲಿರಲಿಲ್ಲ, ತಂದ ಬಾಗಿಲನ್ನೇ ಮೇಸ್ತ್ರಿ ಕೂರಿಸಿಕೊಟ್ಟ. ಮಾರನೇ ದಿನ ಮಧ್ಯಾಹ್ನ ಕತಾಲಿನ್ ಕೆಲಸ ಮುಗಿಸಿ ಬಂದು ನೋಡುತ್ತಾಳೆ, ಗುಡಿಸಲು ಬಾಯಿ ತೆರೆದುಕೊಂಡು ನಿಂತಿದೆ. ಬಾಗಿಲೂ ಇಲ್ಲ, ಪೆಲ್ಲೋನೂ ಇಲ್ಲ.

ರೈಲು ನಿಲ್ದಾಣದಲ್ಲಿ ಸಿಕ್ಕ. ಹಳಿ ಪಕ್ಕದಲ್ಲಿ ಬಾಗಿಲನ್ನು ಎದೆಗೆ ಆನಿಸಿ, ಎರಡೂ ಕೈಯಲ್ಲಿ ಹಿಡಿದು, ಬಿಸಿಲಲ್ಲಿ ನಿಂತಿದ್ದ. ನಿಲ್ದಾಣದ ಜನ ನಗುತ್ತಿದ್ದರು. ಬಯ್ಯಬೇಕು ಅಂತಲೇ ಹತ್ತಿರ ಹೋದಳು.

ಹೋಗಿ ನೋಡಿದರೆ ಬರೆದ ಕಡೆ ಅವನ ಮುಖಕ್ಕಿತ್ತು. ಹಳಿ ಕಡೆ ಬರೀ ಹಲಗೆ.

"ಬೆಳಿಗ್ಗೆಯಿಂದ ಹೀಗೇ ನಿಂತಿದೀಯೇನೋ?"

"ಎರಡು ರೈಲು ಬಂದು ಹೋಯ್ತು ಅವ್ವ. ನಿನ್ನ ಹೆಸರು ಅಳಿಸಿಹೋಗದ ಹಾಗೆ ನೋಡ್ತಾ ಇದೀನಿ."

ದೂರದಲ್ಲಿ ರೈಲು ಕೂಗಿತು. ಕತಾಲಿನ್ ಬಾಗಿಲನ್ನು ಅವನ ಕೈಯಿಂದ ಬಿಡಿಸಿ, ಬರಹ ಹಳಿ ಕಡೆ ಬರುವ ಹಾಗೆ ತಿರುಗಿಸಿದಳು. ಒಂದು ತುದಿ ಅವನಿಗೆ ಕೊಟ್ಟಳು, ಇನ್ನೊಂದು ತುದಿ ತಾನು ಹಿಡಿದಳು. ತಾಯಿ ಮಗ ಇಬ್ಬರೂ ಬರುತ್ತಿರುವ ರೈಲಿನ ಕಿಟಕಿಗಳನ್ನು ಒಂದೊಂದಾಗಿ ನೋಡುತ್ತಾ ನಿಂತರು.