ಗಿಳಿಯ ತಿಂಗಳ ಪ್ರಶ್ನೆ

ಕಾಡಿನ ಕಸುಬುದಾರರ ಸ್ಥಿತಿಗತಿ ತಿಳಿಯಲು ಸಿಂಹರಾಜ ತಿಂಗಳಿಗೊಮ್ಮೆ ಗಿಳಿಯನ್ನು ಕಳಿಸುತ್ತಿದ್ದ. ಕಾಳ್ಗಿಚ್ಚಿಗೆ ಹೂವೆಲ್ಲ ಸುಟ್ಟುಹೋಗಿ ಮುದಿ ಜೇನ್ನೊಣದ ಗೂಡು ಬರಿದಾಗಿತ್ತು. ಈ ತಿಂಗಳು ಅದು ಹೇಗೋ ಒಂದು ಹನಿ ಜೇನುತುಪ್ಪ ಕೂಡಿಸಿ ಮರಿಗಳಿಗೆಂದು ಇಟ್ಟಿತ್ತು.

"ಹೋದ ತಿಂಗಳಿಗಿಂತ ತುಪ್ಪ ಹೆಚ್ಚೋ, ಕಡಿಮೆಯೋ, ಅಷ್ಟೇ ಇದೆಯೋ?" ಎಂದಿತು ಗೂಡಿಗೆ ಬಂದ ಗಿಳಿ.

"ಹೋದ ತಿಂಗಳು ಏನೂ ಇರಲಿಲ್ಲ. ಈ ಸಲ ಒಂದೇ..."

"ಎಷ್ಟೆಂದು ನಾನು ಕೇಳಲಿಲ್ಲ."

ಜೇನ್ನೊಣಕ್ಕೆ ಸುಳ್ಳಾಡಿ ಗೊತ್ತಿರಲಿಲ್ಲ. "ಹಾಗಾದರೆ ಹೆಚ್ಚು," ಎಂದಿತು.

"ತುಪ್ಪದ ಉತ್ಪಾದನೆ ಏರಿದೆ!" ಎಂದು ಗಿಳಿ ಆಸ್ಥಾನದಲ್ಲಿ ಸಾರಿತು. ಹಿಗ್ಗಿದ ಸಿಂಹರಾಜ ಕಪ್ಪ ತರಲು ಕರಡಿಯನ್ನು ಅಟ್ಟಿದ.

ಕರಡಿ ಗೂಡಿಗೆ ಕೈ ಹಾಕಿ, ಬೆರಳು ನೆಕ್ಕಿ, "ಇನ್ನೆಷ್ಟಿದೆ?" ಎಂದು ಗದರಿತು.

ಜೇನ್ನೊಣ ಮರಿಗಳ ಕಡೆ ನೋಡಿತು. "ಎಷ್ಟಿದೆ ಅಂತ ಕೇಳಿದವರು ನೀವೇ ಮೊದಲು, ಸ್ವಾಮಿ. ಈಗ ನೆಕ್ಕಿದಿರಲ್ಲ, ಇದ್ದದ್ದು ಅಷ್ಟೇ."