ಹುಲಿಗೆವ್ವನ ಒಲೆಯ ಕೆಂಡ

ಹೊಳೆಯ ದಂಡೆಯ ಮೇಲೊಂದು ಆಶ್ರಮ. ಅದರ ಅಡುಗೆಮನೆಯ ನೆಲದಲ್ಲೊಂದು ಕೆಂಡದ ಕುಣಿ. ಮರುಳಯ್ಯ ಗುರುಗಳ ಗುರು ಹೊತ್ತಿಸಿದ ಬೆಂಕಿ ಅದು, ಅರವತ್ತು ವರ್ಷಗಳಿಂದ ಆರಿರಲಿಲ್ಲ. ಬೆಂಕಿಪೊಟ್ಟಣ ಇನ್ನೂ ಆ ಕಡೆ ಬಾರದ ಕಾಲ.

ಆ ವರ್ಷ ಬೆಂಕಿ ಕಾಯುವ ಪಾಳಿ ಶಿಷ್ಯ ಅಡಿವೇಶನದು. ಆ ಹೆಮ್ಮೆಗೆ ಅವನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

ಒಂದು ಬೆಳಿಗ್ಗೆ ಪಕ್ಕದ ಗುಡಿಸಲಿನ ಅಂಬಿಗರ ಹುಲಿಗೆವ್ವ ಕೈಯಲ್ಲೊಂದು ಸಗಣಿ ಕುಳ್ಳು ಹಿಡಿದು ಬಂದಳು.

"ತಮ್ಮಾ, ನಮ್ಮ ಒಲಿ ಆರೈತಿ. ಒಂದು ಕೆಂಡ ಹಾಕು."

"ಮೀನ ಬೇಯ್ಸೋ ಒಲಿಗೆ ನಮ್ಮ ಗುರುಗಳ ಬೆಂಕಿನಾ? ಆಗಂಗಿಲ್ಲ ಹೋಗವ್ವಾ," ಎಂದ ಅಡಿವೇಶ.

ಅವಳು ತಿರುಗಿ ಹೋದಳು. ಪರವೂರಿಗೆ ಹೊರಟಿದ್ದ ಗುರುಗಳು ಅಂಗಳದಲ್ಲಿ ರುಮಾಲು ಸುತ್ತುತ್ತ ಎಲ್ಲ ಕೇಳಿಸಿಕೊಂಡರು. ಅಡಿವೇಶ ಹೊಳೆಯಿಂದ ನೀರು ತರುವಷ್ಟರಲ್ಲಿ ಅವರು ಹೋಗಿಯಾಗಿತ್ತು.

ಮಧ್ಯಾಹ್ನ ಆಷಾಢದ ಗಾಳಿ ಎದ್ದಿತು. ದಿನವೂ ಊಟವಾದ ಮೇಲೆ ಕೆಂಡದ ಮೇಲೆ ಬೂದಿ ಎಳೆದರೆ ಸಾಕು, ಸಂಜೆಯವರೆಗೂ ಇರುತ್ತಿತ್ತು. ಅಂದು ಯಾಕೋ ಅಡಿವೇಶನಿಗೆ ಬೂದಿಯ ಮೇಲೆ ನಂಬಿಕೆ ಬರಲಿಲ್ಲ. ಕುಣಿಗೆ ಒಣ ಜಾಲಿ ಕಟ್ಟಿಗೆ ತುಂಬಿದ. ಮೇಲೆ ತಾಮ್ರದ ದೊಡ್ಡ ಹಂಡೆ ಬೋರಲು ಹಾಕಿದ. ಅದೂ ಸಾಲದೆಂದು ಅಂಚಿಗೆಲ್ಲ ಹಸಿ ಮಣ್ಣು ಮೆತ್ತಿದ.

"ಇನ್ನ ಗಾಳಿಯಪ್ಪ ಬಂದ್ರೂ ಮುಟ್ಟಂಗಿಲ್ಲ," ಎಂದು ಕೈ ಝಾಡಿಸಿಕೊಂಡ.

ಸಂಜೆ ಹಂಡೆ ಎತ್ತಿದರೆ ಒಳಗೆ ಕೆಂಡವೆಲ್ಲ ಆರಿ ಇದ್ದಿಲಾಗಿತ್ತು. ಕಟ್ಟಿಗೆ ಅರ್ಧವೂ ಸುಟ್ಟಿರಲಿಲ್ಲ. ಊದಿದ, ಬೀಸಿದ, ಕೈಮುಗಿದ. ಒಂದು ಕಿಡಿ ಇಲ್ಲ.

ಗುರುಗಳು ಬಂದಾಗ ಅವನು ತನ್ನ ಬಟ್ಟೆಯ ಗಂಟು ಕಟ್ಟಿಕೊಂಡು ಹೊಸ್ತಿಲಲ್ಲಿ ಅಳುತ್ತ ಕೂತಿದ್ದ.

"ನಾ ಹೊಂಟೆ ಅಪ್ಪಾರ. ಅರವತ್ತು ವರ್ಷದ ಬೆಂಕಿ ನನ್ನ ಕೈಯಾಗ ಆರಿಹೋತು."

"ಕಟ್ಟಿಗಿ ಇರಲಿಲ್ಲೇನು?"

"ಇತ್ತರಿ. ಚೊಲೋ ಒಣಗಿದ್ದು."

"ಕಾವು?"

"ಕೈ ಸುಡೂವಂಗ ಇತ್ತು."

"ಮತ್ತ ಏನಾತು ಅದಕ್ಕ?"

"ಅದ ನನಗೂ ತಿಳೀವಲ್ದು. ಒಂದೀಟು ಗಾಳಿ ಸುದ್ದಾ ಸೋಕದಂಗ ಮುಚ್ಚಿದ್ನಿ!"

ಗುರುಗಳು ಒಂದು ಕೈಯಿಂದ ಅವನ ಮೂಗು ಹಿಡಿದರು, ಇನ್ನೊಂದರಿಂದ ಬಾಯಿ ಮುಚ್ಚಿದರು. ಅಡಿವೇಶ ಕೈಕಾಲು ಬಡಿದ.

"ಯಾಕೋ? ಹೊಟ್ಟಿ ತುಂಬ ಉಂಡೀದಿ. ಮೈ ಬೆಚ್ಚಗೈತಿ. ಇನ್ನೇನು ಬೇಕು ನಿನಗ?"

ಕೈ ಬಿಟ್ಟರು.

"ಉಸಿರು ಅಪ್ಪಾರ! ಉಸಿರು!"

"ಅದಕ್ಕೂ ಅದ ಬೇಕಾಗಿತ್ತು. ಬೂದಿ ಸಂದ್ಯಾಗ ಒಂಚೂರು ಗಾಳಿ ಬಿಡತೈತಿ. ನಿನ್ನ ಹಂಡೆ ಬಿಡಲಿಲ್ಲ."

ಅಡಿವೇಶ ಕಣ್ಣೊರೆಸಿಕೊಂಡ. "ತಿಳೀತರಿ. ಆದ್ರ ಹೋದ ಬೆಂಕಿ ಹೋತಲ್ಲ?"

"ಒಂದು ಕುಳ್ಳು ತಗೊಂಡು ನನ್ನ ಹಿಂದ ಬಾ," ಎಂದರು ಗುರುಗಳು.

ಹುಲಿಗೆವ್ವನ ಗುಡಿಸಲಲ್ಲಿ ಒಲೆ ಧಗಧಗ ಉರಿಯುತ್ತಿತ್ತು. ಮೇಲೆ ಮೀನಿನ ಸಾರು ಕುದಿಯುತ್ತಿತ್ತು.

"ಇದು ಬ್ಯಾರೆ ಬೆಂಕಿ ಅಪ್ಪಾರ," ಅಡಿವೇಶ ಪಿಸುಗುಟ್ಟಿದ.

ಹುಲಿಗೆವ್ವನ ಕಿವಿ ಚುರುಕು. ಅವಳು ನಕ್ಕಳು.

"ಬ್ಯಾರೆ ಎಲ್ಲೀದು ತಮ್ಮಾ? ಮುಂಜಾನೆ ನೀ ನೀರಿಗೆ ಹೋದಾಗ ಅಪ್ಪಾರ ನಿಮ್ಮ ಕುಣ್ಯಾಂದ ತಂದು ಹಾಕಿ ಹೋದ್ರು. ಕೊಡ್ಲೇನು ಒಂದು ಕೆಂಡ? ಮೀನ ವಾಸ್ನಿ ಬರತೈತಿ ನೋಡು ಮತ್ತ."

ಅಡಿವೇಶನಿಗೆ ತಲೆ ಎತ್ತಲಾಗಲಿಲ್ಲ. ಎರಡೂ ಕೈಯಲ್ಲಿ ಕುಳ್ಳು ಚಾಚಿದ.

"ಹಾಕವ್ವಾ. ಎರಡು ಹಾಕು."

ಕುಣಿಯಲ್ಲಿ ಕೆಂಡವಿಟ್ಟು, ಒಣ ಪುರುಳೆ ಕಡ್ಡಿ ಹರವಿ, ಕೆನ್ನೆ ನೋಯುವಷ್ಟು ಊದಿದ. ಬೆಂಕಿ ಹತ್ತಿತು. ಅಡಿವೇಶ ಖುಷಿಯಿಂದ ಚಪ್ಪಾಳೆ ತಟ್ಟಿದ. ಅಷ್ಟರಲ್ಲಿ ಹೊಳೆಯ ಕಡೆಯಿಂದ ಗಾಳಿ ಒಳನುಗ್ಗಿತು, ಅವನು ಗಾಬರಿಯಾಗಿ ಬಾಗಿಲು ಮುಚ್ಚಲು ಓಡಿದ.

"ಮುಚ್ಚಬ್ಯಾಡೋ ಮಾರಾಯಾ," ಎಂದರು ಗುರುಗಳು, "ಗಾಳಿನೂ ಬರಲಿ, ಹುಲಿಗೆವ್ವನೂ ಬರಲಿ."