ಭಾಗವತರು ಕೂತಿದ್ದ ಬಂಡೆ

ಶೇಷಗಿರಿ ಭಾಗವತರು ತೀರಿಕೊಂಡು ಅರವತ್ತು ವರ್ಷವಾಗಿತ್ತು. ಅವರ ಕೀರ್ತನೆ ಬಾರದ ಗಾಯಕರಿಲ್ಲ. ಮುಖ ಹೇಗಿತ್ತೆಂದು ಮಾತ್ರ ಯಾರಿಗೂ ಗೊತ್ತಿಲ್ಲ. ಫೋಟೊ ತೆಗೆಸಿಕೊಂಡರೆ ಆಯುಸ್ಸು ಕಡಿಮೆಯಾಗುತ್ತದೆಂದು ನಂಬಿದ್ದವರು ಅವರು.

ಅವರನ್ನು ಕಂಡವರು ಊರಲ್ಲಿ ಒಬ್ಬರೇ ಉಳಿದಿದ್ದರು, ಮುದಿ ಶಿಲ್ಪಿ ಕಾಳಪ್ಪಾಚಾರ್ಯರು.

ಅವರ ಶಿಷ್ಯ ಈರಣ್ಣ ಹೊಳೆದಂಡೆಯಲ್ಲಿ ಮೂರು ವರ್ಷ ಕೂತು ಭಾಗವತರ ಮೂರ್ತಿ ಕೆತ್ತಿದ. ಗುರುಗಳು ಮೂಗು ಉದ್ದ ಎಂದರೆ ಉದ್ದ, ಕಿವಿ ಅಗಲ ಎಂದರೆ ಅಗಲ.

"ಹೋಲುತ್ತಾ, ಗುರುಗಳೇ?" ಎಂದು ಕೇಳಿದಾಗಲೆಲ್ಲ ಗುರುಗಳಿಗೆ ಎಲೆಯಡಿಕೆ ಚೀಲದ ನೆನಪಾಗುತ್ತಿತ್ತು.

ಭಾಗವತರ ಆರಾಧನೆಯ ಹಿಂದಿನ ದಿನ ಈರಣ್ಣ ಬಿಡಲಿಲ್ಲ.

"ಮೂರ್ತಿ ಒಯ್ಯೋಕೆ ನಾಳೆ ಬೆಳಿಗ್ಗೆ ಗಾಡಿ ಬರುತ್ತೆ. ಈಗಾದರೂ ಹೇಳಿ. ಹೋಲುತ್ತಾ?"

ಗುರುಗಳು ಎದ್ದು ಬಂದು ಸಣ್ಣ ಸುತ್ತಿಗೆಯಿಂದ ಮೂರ್ತಿಯ ಎದೆಗೆ ಮೆಲ್ಲಗೆ ತಟ್ಟಿದರು.

ಗಂಟೆಯಂತೆ ನುಡಿಯಬೇಕಿದ್ದ ಕಲ್ಲು ಒಡಕು ಮಡಕೆಯ ಹಾಗೆ 'ಬದ್' ಎಂದಿತು.

"ಉಳಿ ಇಡೋಕೆ ಮೊದಲು ತಟ್ಟಿ ನೋಡಲಿಲ್ವೇನೋ?"

ಈರಣ್ಣ ಮೂರ್ತಿಯ ಎದೆ ಸವರಿದ. "ಭಾಗವತರು ದಿನಾ ಕೂತು ಹಾಡುತ್ತಿದ್ದ ಬಂಡೆ. ಅದಕ್ಕೂ ಪರೀಕ್ಷೆಯೇ ಅನ್ನಿಸ್ತು. ಕೈಮುಗಿದು ಶುರುಮಾಡಿದೆ."

"ಕೆತ್ತುವಾಗಲೂ ಕೇಳಿಸಲಿಲ್ವಾ?"

"ಕೇಳಿಸ್ತು. ಕಿವಿಗೆ ಹಾಕಿಕೊಳ್ಳಲಿಲ್ಲ."

"ಒಳಗೆ ಬಿರುಕು ಬಿಟ್ಟಿದೆ. ಇವತ್ತಲ್ಲ ನಾಳೆ ಎರಡು ಹೋಳು."

ಈರಣ್ಣ ದೊಡ್ಡ ಸುತ್ತಿಗೆ ಎತ್ತಿಕೊಂಡ. "ಅದಾಗಿ ಯಾಕೆ ಒಡೀಬೇಕು? ನಾನೇ ಒಡೀತೀನಿ. ಮೂರು ವರ್ಷ! ಅರೆಯೋ ಕಲ್ಲು ಕಡೆಯೋದಕ್ಕೂ ನಾನು ಲಾಯಕ್ಕಿಲ್ಲ."

"ಒಡಿ, ಬೇಡ ಅನ್ನಲ್ಲ. ಅದಕ್ಕೆ ಮೊದಲು ಇನ್ನೊಂದು ಸಲ ತಟ್ಟು."

ತಟ್ಟಿದ. ಅದೇ ಸತ್ತ ಸದ್ದು. ಒಡೆಯಲು ಸುತ್ತಿಗೆ ಮೇಲೆತ್ತಿದ.

ಕಣ್ಣು ಮುಚ್ಚಿ ಕೇಳುತ್ತಿದ್ದ ಗುರುಗಳು ಮೂರ್ತಿಗೆ ಕೈಯಾನಿಸಿದರು.

"ಕೊನೇ ಎರಡು ವರ್ಷ ಭಾಗವತರ ಗಂಟಲು ಹೋಗಿತ್ತು ಕಣೋ. ಆದರೂ ಈ ಬಂಡೆ ಮೇಲೆ ಕೂತು ದಿನಾ ಹಾಡೋರು. ಒಬ್ಬೊಬ್ಬರೇ ಬರೋದು ಬಿಟ್ಟರು. ಆಮೇಲೆ ನಾನೂ ಬಿಟ್ಟೆ."

ಎತ್ತಿದ ಸುತ್ತಿಗೆ ಈರಣ್ಣನ ಕೈಯಲ್ಲೇ ಉಳಿಯಿತು. ಒಡೆಯಲಿಲ್ಲ, ಇಳಿಸಲೂ ಇಲ್ಲ.

"ಹಾಗಾದರೆ ಇದು... ಹೋಲುತ್ತಾ, ಗುರುಗಳೇ?"

"ಮುಖ ನನಗೆ ನೆನಪೇ ಇಲ್ಲ, ಈರಾ. ಮೂಗು, ಕಿವಿ ಎಲ್ಲ ಬಾಯಿಗೆ ಬಂದ ಹಾಗೆ ಹೇಳಿದೆ. ಈ ಸದ್ದು ಮಾತ್ರ ಅವರದೇ."